ರಟ್ಲೆಂಡ್‌ನ ಗೋಧಿ ಹೊಲದ ರೋಮನ್ ವಿಲ್ಲಾ: ಅಗೆದು ಮತ್ತೆ ಮಣ್ಣು ಮುಚ್ಚಿದ್ದು ಸರಿಯೇ?

ಮಿಡ್‌ಲ್ಯಾಂಡ್ಸ್ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ರಟ್ಲೆಂಡ್ ಕೌಂಟಿಯ ಕೆಟನ್ ಹಳ್ಳಿಯ ಬಳಿ ಪತ್ತೆಯಾದ ರೋಮನ್ ವಿಲ್ಲಾದ (ರೋಮನ್ನರ ಕಾಲದ ಹಳ್ಳಿಗಾಡಿನ ದೊಡ್ಡ ಮನೆಯ) ಬಗ್ಗೆ ಇಲ್ಲಿ ಚರ್ಚೆ ಆಗಬೇಕೆಂದು ಬಹಳ ದಿನಗಳಿಂದ ಅನ್ನಿಸುತ್ತಿತ್ತು. ಕೆಲಸದ ನಿಮಿತ್ತ ಲೆಸ್ಟರಿನಲ್ಲಿ ನೆಲೆಸಿದ್ದೇನೆ. ಆ ಹಳ್ಳಿ ಇಲ್ಲಿಂದ ಅಷ್ಟೇನೂ ದೂರವಿಲ್ಲ.

ಗೊತ್ತಿಲ್ಲದವರಿಗಾಗಿ ಹಿನ್ನೆಲೆ ಹೇಳುತ್ತೇನೆ. 2020ರ ಲಾಕ್‌ಡೌನ್ ಕಾಲದಲ್ಲಿ ಜಮೀನಿನ ಮಾಲೀಕರ ಮಗ ಮನೆಯವರ ಜೊತೆ ಹೊಲದಲ್ಲಿ ಅಡ್ಡಾಡುತ್ತಿದ್ದಾಗ ಗೋಧಿ ಪೈರಿನ ನಡುವೆ ಮಾಮೂಲಿಯಲ್ಲದ ಮಡಕೆ ಚೂರುಗಳು ಕಣ್ಣಿಗೆ ಬಿದ್ದವು. ಅವರು ಮನೆಗೆ ಬಂದು ಉಪಗ್ರಹ ಚಿತ್ರ ತೆರೆದರೆ ಪೈರಿನಲ್ಲಿ ಕಟ್ಟಡದ ಗೋಡೆಗಳ ಗೆರೆಗಳು ನಿಚ್ಚಳವಾಗಿ ಕಂಡವು. ಒಂದು ಕಡೆ ಸ್ವಲ್ಪ ಮಣ್ಣು ಸರಿಸಿ ನೋಡಿದಾಗ ಬಣ್ಣದ ಕಲ್ಲಿನ ನೆಲ. ಅವರು ತಡಮಾಡದೆ ಲೆಸ್ಟರ್‌ಶೈರ್ ಕೌಂಟಿ ಕೌನ್ಸಿಲ್‌ನ ಪುರಾತತ್ವ ವಿಭಾಗಕ್ಕೆ ತಿಳಿಸಿದರು. ಹಳೆಯ ಸ್ಮಾರಕಗಳನ್ನು ಕಾಪಾಡುವ ಸರ್ಕಾರಿ ಸಂಸ್ಥೆ ಹಿಸ್ಟಾರಿಕ್ ಇಂಗ್ಲೆಂಡ್ ಹಣ ಒದಗಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಲೆಸ್ಟರ್ ವಿಶ್ವವಿದ್ಯಾಲಯದ ಪುರಾತತ್ವ ತಂಡ ಅಗೆತ ಆರಂಭಿಸಿತು. 2021ರಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೂ ಸೇರಿಕೊಂಡರು. ಜಗತ್ತಿಗೆ ವಿಷಯ ತಿಳಿದದ್ದು 2021ರ ನವೆಂಬರ್‌ನಲ್ಲಿ. ಅಷ್ಟೂ ಕಾಲ ಸುತ್ತಲಿನವರು ಗುಟ್ಟು ಬಿಡದೆ ಕಾಪಾಡಿದ್ದು ನನಗೆ ಈಗಲೂ ಆಶ್ಚರ್ಯ.

ಸಿಕ್ಕಿದ್ದು ಏನು? ಸುಮಾರು 11 ಮೀಟರ್ ಉದ್ದ, ಹತ್ತಿರ ಹತ್ತಿರ 7 ಮೀಟರ್ ಅಗಲದ ಮೊಸಾಯಿಕ್ ನೆಲ, ಅಂದರೆ ಬಣ್ಣದ ಕಲ್ಲಿನ ಚೂರುಗಳನ್ನು ಗಾರೆಯಲ್ಲಿ ಕೂರಿಸಿ ಮಾಡಿದ ನೆಲಚಿತ್ರ. ಅದರ ಮೇಲೆ ಗ್ರೀಕ್ ಪುರಾಣದ ಟ್ರಾಯ್ ಯುದ್ಧದಲ್ಲಿ ಎದುರಾದ ಗ್ರೀಕ್ ವೀರ ಅಖಿಲೀಸ್ ಮತ್ತು ಟ್ರಾಯ್ ರಾಜಕುಮಾರ ಹೆಕ್ಟರ್ ಕಥೆಯ ಮೂರು ದೃಶ್ಯಗಳು. ಬ್ರಿಟನ್ನಿನಲ್ಲಿ ಇಂಥ ಚಿತ್ರ ಸಿಕ್ಕಿದ್ದು ಇದೇ ಮೊದಲು. ಕ್ರಿ.ಶ. ಮೂರು, ನಾಲ್ಕನೇ ಶತಮಾನದ ಶ್ರೀಮಂತ ಜಮೀನ್ದಾರನೊಬ್ಬನ ಊಟದ ಹಜಾರದ ನೆಲವಿದು ಎಂದು ತಜ್ಞರು ಹೇಳುತ್ತಾರೆ.

ಇಷ್ಟೆಲ್ಲ ಆದ ಮೇಲೆ ಅದನ್ನು ಮತ್ತೆ ಮಣ್ಣಿನಿಂದ ಮುಚ್ಚಿದರು. ಜಾಗ ಸಂರಕ್ಷಿತ ಸ್ಮಾರಕವೆಂದು ಘೋಷಣೆಯಾಗಿದೆ. ಆದರೆ ಅದು ಖಾಸಗಿ ಜಮೀನು, ಸಾರ್ವಜನಿಕರಿಗೆ ಪ್ರವೇಶವಿಲ್ಲ. ಇಷ್ಟು ಹತ್ತಿರವಿದ್ದೂ ಅದನ್ನು ಕಣ್ಣಾರೆ ನೋಡಲಾಗದು ಎಂಬ ಸಂಕಟ ನನಗಿದೆ. ಮುಚ್ಚಿದ್ದು ಸರಿಯೇ? ತಿಳಿದವರು ಹೇಳಬೇಕು.

ಧಾರವಾಡದ ಓದುಗಿ

ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ನೆಲದೊಳಗೆ ಸಾವಿರದ ಆರುನೂರು ವರ್ಷ ಇದ್ದ ಚಿತ್ರವನ್ನು ಕೆಲವು ವಾರ ಬೆಳಕಿಗೆ ತಂದು, ಒಂದಿಷ್ಟು ವಿದ್ವಾಂಸರು ನೋಡಿ, ಟಿ.ವಿ.ಯವರು ಚಿತ್ರೀಕರಿಸಿ ಮತ್ತೆ ಮುಚ್ಚಿಬಿಟ್ಟರೆ ಸಾಮಾನ್ಯ ಜನರಿಗೆ ಉಳಿದದ್ದೇನು? ಸಾರ್ವಜನಿಕರ ಹಣದಿಂದ ಅಗೆದದ್ದನ್ನು ಸಾರ್ವಜನಿಕರು ನೋಡುವಂತಾಗಬೇಕು.

ಇದು ಆಗದ ಕೆಲಸವೂ ಅಲ್ಲ. ಅದೇ ಇಂಗ್ಲೆಂಡಿನ ದಕ್ಷಿಣದಲ್ಲಿರುವ ಫಿಶ್‌ಬೋರ್ನ್ ನೋಡಿ. 1960ರಲ್ಲಿ ನೀರಿನ ಕೊಳವೆ ಹಾಕಲು ಕಾಲುವೆ ತೋಡುವಾಗ ಹಳೆಯ ಕಟ್ಟಡದ ಅವಶೇಷ ಸಿಕ್ಕಿತು. ಆಗಿನ್ನೂ ಎಳೆಯ ವಯಸ್ಸಿನಲ್ಲಿದ್ದ ಪುರಾತತ್ವಜ್ಞ ಬ್ಯಾರಿ ಕನ್ಲಿಫ್ 1961ರಿಂದ ಅಲ್ಲಿ ಅಗೆತ ನಡೆಸಿದರು. ಹೊರಬಂದದ್ದು ಕ್ರಿ.ಶ. 75ರ ಆಸುಪಾಸಿನಲ್ಲಿ ಕಟ್ಟಿದ, ನಾಲ್ಕು ದಿಕ್ಕಿಗೂ ಸಾಲುಮನೆಗಳು ಮತ್ತು ನಡುವೆ ತೋಟವಿದ್ದ ಅರಮನೆ! 1968ರ ಹೊತ್ತಿಗೆ ಉತ್ತರದ ಸಾಲಿನ ಮೇಲೆ ಕಟ್ಟಡ ಕಟ್ಟಿ ಜನರಿಗೆ ತೆರೆದರು. ಡಾಲ್ಫಿನ್ ಮೇಲೆ ಕುಳಿತ ಮನ್ಮಥನ ಚಿತ್ರವನ್ನು ಇವತ್ತಿಗೂ ಶಾಲಾ ಮಕ್ಕಳು ಸಾಲಾಗಿ ಬಂದು ನೋಡುತ್ತಾರೆ. ಅರಮನೆಯ ತೋಟದಲ್ಲಿ ಗಿಡ ನೆಡಲು ರೋಮನ್ನರು ತೋಡಿದ ಗುಂಡಿಗಳ ಗುರುತು ಹಿಡಿದು ಅದೇ ಸಾಲಿನಲ್ಲಿ ಮತ್ತೆ ಬೇಲಿಗಿಡ ಬೆಳೆಸಿದ್ದಾರೆ. ಅರವತ್ತರ ದಶಕದಲ್ಲಿ ಸಾಧ್ಯವಾದದ್ದು ಈಗ ಯಾಕೆ ಆಗುವುದಿಲ್ಲ?

ಗಾರೆಕೆಲಸ

ಓದುಗಿ ಮೇಡಂ, ನಿಮ್ಮ ಕಳಕಳಿ ನನಗೂ ಇದೆ. ನಾನು ಹಳೆಯ ಕಟ್ಟಡಗಳ ದುರಸ್ತಿ ಕೆಲಸದಲ್ಲಿರುವವನು, ಮೈಸೂರು ಕಡೆಯವನು. ಸುಣ್ಣದ ಗಾರೆಯ ಜೊತೆ ಒಡನಾಡಿದ ಅನುಭವದಿಂದ ಬರೆಯುತ್ತಿದ್ದೇನೆ.

ಮಣ್ಣಿನ ಕೆಳಗೆ ನೆಲಚಿತ್ರ ಉಳಿದದ್ದು ಹೇಗೆ ಎಂಬುದನ್ನು ಮೊದಲು ನೋಡಬೇಕು. ಅಲ್ಲಿ ತೇವ ಹೆಚ್ಚು ಏರಿಳಿಯುವುದಿಲ್ಲ, ಉಷ್ಣತೆ ಏರಿಳಿಯುವುದಿಲ್ಲ, ಬೆಳಕು ಬೀಳುವುದಿಲ್ಲ. ಮಣ್ಣು ತೆಗೆದ ಗಳಿಗೆಯಿಂದ ಆ ಸಮತೋಲ ಹೋಯಿತು. ನೆಲದಡಿಯ ತೇವ ಗಾರೆಯ ಮೂಲಕ ಮೇಲೇರುತ್ತದೆ, ಬರುವಾಗ ಕರಗಿದ ಲವಣವನ್ನು ಹೊತ್ತು ತರುತ್ತದೆ. ಮೇಲೆ ಬಂದು ಗಾಳಿಗೆ ಆರಿದಾಗ ಲವಣ ಹರಳುಗಟ್ಟುತ್ತದೆ. ಆ ಹರಳು ಬೆಳೆಯುವಾಗ ಕಲ್ಲಿನ ಚೂರನ್ನು ಗಾರೆಯಿಂದ ಎಬ್ಬಿಸಿಬಿಡುತ್ತದೆ. ಹಳೆಯ ಮನೆಯೊಂದರಲ್ಲಿ ಗಾರೆ ನೆಲದ ಮೇಲೆ ಯಾರೋ ಬಳಿದಿದ್ದ ಸಿಮೆಂಟನ್ನು ತೆಗೆಸಿದ್ದೆವು. ಮೇಲ್ಮೈ ಮೊದಲಿಗೆ ಕನ್ನಡಿಯಂತೆ ನುಣುಪಾಗಿತ್ತು. ಮಳೆಗಾಲ ಮುಗಿದು ಒಣಹವೆ ಬಂದ ಕೂಡಲೇ ಅಂಚಿನುದ್ದಕ್ಕೂ ಬಿಳಿ ಪುಡಿ ಕಾಣಿಸಿಕೊಂಡಿತು. ಬೆರಳಿಟ್ಟು ತೀಡಿದರೆ ಪುಡಿಯ ಜೊತೆ ಗಾರೆಯ ಮೇಲ್ಪದರವೂ ಎದ್ದು ಬಂತು. ಇಂಗ್ಲೆಂಡಿನಲ್ಲಿ ಇದರ ಜೊತೆಗೆ ಹಿಮವೂ ಇದೆ. ಸಂದಿಗೆ ಇಳಿದ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗುತ್ತದೆ. ಪಾಚಿ, ಬೇರು, ಹುಳುಗಳ ಕಾಟ ಬೇರೆ.

ತೆರೆದೇ ಇಡಬೇಕೆಂದರೆ ಎರಡು ದಾರಿ. ಮೊದಲನೆಯದು, ಮೇಲೆ ಕಟ್ಟಡ ಕಟ್ಟಿ ಒಳಗಿನ ಹವೆಯನ್ನು ವರ್ಷವಿಡೀ ಹತೋಟಿಯಲ್ಲಿಡುವುದು. ಅದಕ್ಕೆ ಕಟ್ಟುವ ಖರ್ಚಿಗಿಂತ ನಡೆಸುವ ಖರ್ಚು ಹೆಚ್ಚು. ಎಷ್ಟೋ ಕಡೆ ಕಟ್ಟಡ ಎದ್ದ ಮೇಲೆ ಒಳಗೆ ಸೆಕೆ ಹಿಡಿದು ಹಾನಿ ಇನ್ನೂ ಹೆಚ್ಚಾದದ್ದುಂಟು. ಎರಡನೆಯದು, ನೆಲಚಿತ್ರವನ್ನು ಎಬ್ಬಿಸಿ ವಸ್ತುಸಂಗ್ರಹಾಲಯಕ್ಕೆ ಸಾಗಿಸುವುದು. ಚಿತ್ರದ ಮುಖಕ್ಕೆ ಬಟ್ಟೆ ಅಂಟಿಸಿ, ತುಂಡುತುಂಡಾಗಿ ಕತ್ತರಿಸಿ, ಕೆಳಗಿನ ಗಾರೆಯಿಂದ ಬಿಡಿಸಿ, ಬೇರೆ ತಳದ ಮೇಲೆ ಕೂರಿಸಬೇಕು. ಹಿಂದೆ ಹೀಗೆ ತಂದ ಎಷ್ಟೋ ನೆಲಚಿತ್ರಗಳನ್ನು ಕಬ್ಬಿಣದ ಸರಳು ಹಾಕಿದ ಕಾಂಕ್ರೀಟಿನ ಮೇಲೆ ಕೂರಿಸಿದರು. ಸರಳು ತುಕ್ಕು ಹಿಡಿದು ಊದಿಕೊಂಡು ಚಿತ್ರವೇ ಬಿರುಕು ಬಿಟ್ಟಿತು. ಅದೂ ಅಲ್ಲದೆ ಎಬ್ಬಿಸಿದ ಮೇಲೆ ಅದು ಗೋಡೆಗೆ ತೂಗುಹಾಕುವ ಚಿತ್ರವಾಗುತ್ತದೆ. ಯಾವ ಬಾಗಿಲಿನಿಂದ ಬಂದವರಿಗೆ ಯಾವ ದೃಶ್ಯ ಮೊದಲು ಕಾಣುತ್ತಿತ್ತು, ಯಜಮಾನ ಎಲ್ಲಿ ಒರಗುತ್ತಿದ್ದ, ಈ ಸಂಬಂಧಗಳೆಲ್ಲ ಕಳಚಿಹೋಗುತ್ತವೆ.

ಮುಚ್ಚುವುದೂ ಸುಮ್ಮನೆ ಮಣ್ಣು ಎಳೆದು ಹಾಕುವ ಕೆಲಸವಲ್ಲ. ಈ ವೃತ್ತಿಯಲ್ಲಿ ಸಾಮಾನ್ಯವಾಗಿ ಮೊದಲು ಉಸಿರಾಡುವ ಬಟ್ಟೆಯಂಥ ಹಾಸು ಹಾಸುತ್ತಾರೆ, ಅದರ ಮೇಲೆ ಜರಡಿ ಹಿಡಿದ ಮಣ್ಣು ಅಥವಾ ಮರಳು ಹಾಕುತ್ತಾರೆ. ಪ್ಲಾಸ್ಟಿಕ್ ಹಾಳೆ ಹಾಸಬಾರದು, ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಮುಂದಿನ ತಲೆಮಾರಿನವರು ತೆರೆದರೆ ಹಾಸು ಕಂಡ ಕೂಡಲೇ ಇಲ್ಲಿಂದ ಕೆಳಗೆ ಹಳೆಯದು ಎಂದು ತಿಳಿಯುತ್ತದೆ. ನನ್ನ ಮಟ್ಟಿಗೆ ಮುಚ್ಚಿದ್ದೇ ಸರಿಯಾದ ನಿರ್ಧಾರ.

ಹೊಲದ ಬದು

ನಾನು ಹಾವೇರಿ ಜಿಲ್ಲೆಯ ರೈತ. ಪುರಾತತ್ವ ನನಗೆ ಗೊತ್ತಿಲ್ಲ, ಆದರೆ ಪೈರಿನಲ್ಲಿ ಗೋಡೆಯ ಗೆರೆ ಮೂಡಿತು ಎಂದದ್ದು ಕೂಡಲೇ ಅರ್ಥವಾಯಿತು. ನಮ್ಮ ಹೊಲದಲ್ಲಿ ಒಂದು ಕಡೆ ಕೆಳಗೆ ಹಾಸುಗಲ್ಲು ಇದೆ. ಮಳೆ ಕೈಕೊಟ್ಟ ವರ್ಷ ಅಷ್ಟು ಜಾಗದ ಜೋಳ ಎಲ್ಲಕ್ಕಿಂತ ಮೊದಲು ಬಾಡಿ ಹಳದಿಯಾಗುತ್ತದೆ. ಹಳೆಯ ಹರಿ ಮುಚ್ಚಿಹೋದ ಜಾಗದಲ್ಲಿ ಮಾತ್ರ ಪೈರು ಕಪ್ಪು ಹಸಿರಾಗಿ ಆಳೆತ್ತರ ನಿಂತಿರುತ್ತದೆ. ಅಲ್ಲಿಯೂ ಹೀಗೆಯೇ ಆಗಿರಬೇಕು.

ನನ್ನ ಪ್ರಶ್ನೆ ಬೇರೆ. ಅಷ್ಟು ವರ್ಷ ಅದೇ ಹೊಲವನ್ನು ಉಳುತ್ತ ಬಂದಿದ್ದಾರಲ್ಲ, ನೇಗಿಲಿಗೆ ಸಿಕ್ಕಿ ಎಷ್ಟು ಹಾಳಾಗಿದೆ? ಇನ್ನು ಮುಂದೆ ಆ ರೈತರ ಗತಿ ಏನು? ಬೆಳೆ ಬೆಳೆಯಲು ಬಿಡುತ್ತಾರೆಯೇ, ಭೂಮಿ ಕಿತ್ತುಕೊಂಡರೇ?

ಮಿಡ್‌ಲ್ಯಾಂಡ್ಸ್ ಕನ್ನಡಿಗ

ನೀವು ಹೇಳಿದ ಕಾರಣವೇ ಸರಿ. ಗೋಡೆಯ ಮೇಲೆ ಮಣ್ಣು ತೆಳುವಾಗಿದ್ದು ಪೈರು ಸೊರಗುತ್ತದೆ, ಮುಚ್ಚಿಹೋದ ಹಳ್ಳದ ಮೇಲೆ ಹುಲುಸಾಗುತ್ತದೆ. ಬ್ರಿಟನ್ನಿನಲ್ಲಿ 2018ರಂಥ ಒಣ ಬೇಸಿಗೆ ಬಂದಾಗಲೆಲ್ಲ ವಿಮಾನದಿಂದ ನೋಡಿದವರಿಗೆ ಹೊಸ ಹೊಸ ನೆಲೆಗಳು ಕಾಣಿಸುತ್ತವೆ. ಕೆಟನ್ನಿನಲ್ಲಿ ಪೈರಿನ ಗೆರೆ ಕಂಡ ಮೇಲೆ ಯಂತ್ರಗಳಿಂದ ನೆಲದೊಳಗಿನ ಸಮೀಕ್ಷೆಯನ್ನೂ ಮಾಡಿದರು. ಆಗ ತಿಳಿದದ್ದು, ಮುಖ್ಯ ಮನೆಯ ಸುತ್ತ ಕಣಜ, ದುಂಡನೆಯ ಕಟ್ಟಡ, ಸ್ನಾನಗೃಹ ಎಲ್ಲವೂ ಇದ್ದು ಹೊರಗೆ ಗಡಿಕಂದಕಗಳೂ ಇದ್ದವು ಎಂದು. ಒಟ್ಟಾರೆ ಅದೊಂದು ದೊಡ್ಡ ಒಕ್ಕಲು ಮನೆ.

ಭೂಮಿ ಕಿತ್ತುಕೊಂಡಿಲ್ಲ, ಮಾಲೀಕತ್ವ ಹಾಗೆಯೇ ಇದೆ. ಆದರೆ ಸಂರಕ್ಷಿತ ಸ್ಮಾರಕವಾದ ಮೇಲೆ ಒಪ್ಪಿಗೆ ಇಲ್ಲದೆ ಅಗೆಯುವಂತಿಲ್ಲ. 1979ರ ಕಾನೂನಿನ ಪ್ರಕಾರ ಅಲ್ಲಿ ಅನುಮತಿಯಿಲ್ಲದೆ ಲೋಹಶೋಧಕ ಹಿಡಿದು ಓಡಾಡುವುದೂ ಅಪರಾಧ. ಮಾಲೀಕರ ಜೊತೆ ಮಾತಾಡಿ ಆ ಹೊಲವನ್ನು ಉಳುಮೆಯಿಂದ ಬಿಡಿಸಿ ಹುಲ್ಲುಗಾವಲಾಗಿ, ಜೇನ್ನೊಣ ಚಿಟ್ಟೆಗಳಿಗೆ ಅನುಕೂಲವಾಗುವ ಹಾಗೆ ಬೆಳೆಸಲು ನೆರವು ಕೊಡುವ ಯೋಜನೆಯನ್ನು ಹಿಸ್ಟಾರಿಕ್ ಇಂಗ್ಲೆಂಡ್ ಪ್ರಕಟಿಸಿತ್ತು.

ಬಡಗುತಿಟ್ಟು

ಮುಚ್ಚುವ ಬಿಡುವ ವಿಚಾರದ ನಡುವೆ ಆ ಚಿತ್ರದಲ್ಲಿ ಇರುವುದೇನು ಎಂಬುದನ್ನು ಯಾರೂ ಹೇಳುತ್ತಿಲ್ಲವಲ್ಲ! ನನ್ನ ಪಾಲಿಗೆ ಇಡೀ ಸಂಗತಿಯ ಜೀವ ಇರುವುದು ಅಲ್ಲಿ.

ಮೂರು ಪಟ್ಟಿಗಳು ಒಂದರ ಕೆಳಗೊಂದು, ಸುತ್ತ ಹೆಣಿಗೆಯ ಅಂಚು. ಮೊದಲನೆಯದರಲ್ಲಿ ಅಖಿಲೀಸ್ ಮತ್ತು ಹೆಕ್ಟರ್ ರಥವೇರಿ ಕಾದುತ್ತಿದ್ದಾರೆ. ಎರಡನೆಯದರಲ್ಲಿ ಸತ್ತ ಹೆಕ್ಟರನ ಶವವನ್ನು ಅಖಿಲೀಸ್ ರಥಕ್ಕೆ ಕಟ್ಟಿ ಎಳೆಯುತ್ತಿದ್ದಾನೆ. ಮೂರನೆಯದರಲ್ಲಿ ಮುದಿ ತಂದೆ ಪ್ರಿಯಮ್ ಮಗನ ಶವವನ್ನು ಬಿಡಿಸಿಕೊಳ್ಳಲು ಬಂದಿದ್ದಾನೆ. ಸೇವಕನೊಬ್ಬ ಭಾರೀ ತಕ್ಕಡಿಯನ್ನು ಹೆಗಲ ಮೇಲೆ ಹೊತ್ತಿದ್ದಾನೆ. ಒಂದು ಕಡೆ ಹೆಕ್ಟರನ ದೇಹ, ಇನ್ನೊಂದು ಕಡೆ ಪ್ರಿಯಮ್ ಹೇರುತ್ತಿರುವ ಚಿನ್ನದ ಪಾತ್ರೆಗಳು. ಮಗನ ತೂಕಕ್ಕೆ ಸರಿಯಾಗಿ ಚಿನ್ನ.

ಈಗ ಟ್ರಾಯ್ ಯುದ್ಧದ ಕಥೆ ಹೇಳುವ ಗ್ರೀಕ್ ಮಹಾಕಾವ್ಯ, ಹೋಮರನ ಇಲಿಯಡ್ ತೆಗೆದು ನೋಡಿ. ಅಲ್ಲಿ ಇಬ್ಬರೂ ಹೋರಾಡುವುದು ನೆಲದ ಮೇಲೆ ನಿಂತು. ಅಖಿಲೀಸ್ ಟ್ರಾಯ್ ಕೋಟೆಯ ಸುತ್ತ ಹೆಕ್ಟರನನ್ನು ಮೂರು ಸುತ್ತು ಅಟ್ಟಿಸಿಕೊಂಡು ಹೋಗುತ್ತಾನೆ. ತಕ್ಕಡಿಯೂ ಅಲ್ಲಿಲ್ಲ. ನಿನ್ನ ತೂಕದ ಚಿನ್ನ ಕೊಟ್ಟರೂ ಶವ ಕೊಡುವುದಿಲ್ಲ ಎಂದು ಅಖಿಲೀಸ್ ಸಾಯುತ್ತಿರುವ ಹೆಕ್ಟರನಿಗೆ ಸಿಟ್ಟಿನಲ್ಲಿ ಹೇಳುವ ಮಾತಿದೆ, ಅಷ್ಟೇ. ಕೊನೆಗೆ ಪ್ರಿಯಮ್ ಇರುಳಿನಲ್ಲಿ ಶತ್ರುವಿನ ಬಿಡಾರಕ್ಕೆ ಹೋಗಿ, ತನ್ನ ಮಕ್ಕಳನ್ನು ಕೊಂದ ಕೈಗಳಿಗೆ ಮುತ್ತಿಟ್ಟು ಬೇಡುತ್ತಾನೆ. ಆಗ ಇಬ್ಬರೂ ಅಳುತ್ತಾರೆ.

ಹಾಗಾದರೆ ಕೆಟನ್ನಿನ ನೆಲಚಿತ್ರದ ಕಥೆ ಎಲ್ಲಿಂದ ಬಂತು? ಲೆಸ್ಟರ್ ವಿಶ್ವವಿದ್ಯಾಲಯದ ಜೇನ್ ಮಾಸೆಲಿಯಾ ಮತ್ತು ಅವರ ಸಂಗಡಿಗರು 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿದೆ. ಇದು ಗ್ರೀಕ್ ನಾಟಕಕಾರ ಈಸ್ಕಿಲಸ್ ಬರೆದ, ಈಗ ಕಳೆದುಹೋಗಿರುವ ‘ಫ್ರಿಜಿಯನ್ನರು’ ಎಂಬ ದುರಂತ ನಾಟಕದ ಕಥೆ. ಆ ನಾಟಕದಲ್ಲಿ ಶವವನ್ನು ಚಿನ್ನಕ್ಕೆ ತೂಗುವ ದೃಶ್ಯವಿತ್ತೆಂದು ಹಳೆಯ ಬರಹಗಳಿಂದ ಗೊತ್ತಿದೆ. ಬಿ.ಎಂ.ಶ್ರೀ. ಅವರು ಕನ್ನಡಕ್ಕೆ ಪರಿಚಯಿಸಿದ ಅದೇ ಈಸ್ಕಿಲಸ್. ಇನ್ನೂ ಸ್ವಾರಸ್ಯದ ಸಂಗತಿ, ಮೇಲಿನ ಪಟ್ಟಿಯ ವಿನ್ಯಾಸ ಈಸ್ಕಿಲಸನ ಕಾಲದ ಗ್ರೀಕ್ ಮಡಕೆಯ ಚಿತ್ರವೊಂದಕ್ಕೆ ಹೊಂದುತ್ತದೆ. ಅಂದರೆ ಕೆಟನ್ನಿನ ನೆಲ ಹಾಸುವುದಕ್ಕೆ ಸುಮಾರು ಎಂಟುನೂರು ವರ್ಷ ಹಿಂದಿನ ಚಿತ್ರ! ಉಳಿದ ಭಾಗಗಳಲ್ಲಿಯೂ ಹಳೆಯ ಬೆಳ್ಳಿ ಪಾತ್ರೆ, ನಾಣ್ಯಗಳ ಮೇಲಿನ ಚಿತ್ರಗಳ ಛಾಯೆ ಇದೆ. ಕುಶಲಕರ್ಮಿಗಳು ಈ ಮಾದರಿಗಳನ್ನು ಕೈಯಿಂದ ಕೈಗೆ, ಮೆಡಿಟರೇನಿಯನ್ ತೀರದಿಂದ ಬ್ರಿಟನ್ನಿನವರೆಗೆ ದಾಟಿಸಿದ್ದರು.

ನಮ್ಮಲ್ಲಿ ಯಕ್ಷಗಾನ ನೋಡಿ ಬೆಳೆದವರಿಗೆ ಇದು ಅಪರಿಚಿತವಲ್ಲ. ಮಹಾಭಾರತದ ಎಷ್ಟೋ ಸಂದರ್ಭಗಳನ್ನು ನಾವು ಮೊದಲು ಅರಿತದ್ದು ಪ್ರಸಂಗದಲ್ಲಿ ಬಂದ ಹಾಗೆ, ಭಾಗವತರು ಹಾಡಿದ ಹಾಗೆ. ವ್ಯಾಸರ ಮೂಲದಲ್ಲಿ ಅದು ಬೇರೆ ರೀತಿ ಇರುತ್ತದೆ. ಕೆಟನ್ನಿನ ಯಜಮಾನನಿಗೂ ಅವನ ಅತಿಥಿಗಳಿಗೂ ಹೆಕ್ಟರನ ಕಥೆ ರಂಗದ ಮೇಲಿನ ರೂಪದಲ್ಲೇ ಮನಸ್ಸಿಗೆ ಹತ್ತಿತ್ತು ಎಂದು ಊಹಿಸಲು ನನಗೆ ಬಹಳ ಸಂತೋಷ. ಸಾಮ್ರಾಜ್ಯದ ಅಂಚಿನ, ಮಳೆ ಮಂಜಿನ ನಾಡಿನಲ್ಲಿ ಕುಳಿತು ಊಟ ಮಾಡುತ್ತ, ಈ ತಕ್ಕಡಿ ಯಾಕೆ ಬಂತು ಎಂದು ಅತಿಥಿಗಳು ಕೇಳಿದರೆ ವಿವರಿಸಬಲ್ಲಷ್ಟು ಓದಿಕೊಂಡವನು ಅವನು.

ಧಾರವಾಡದ ಓದುಗಿ

ಬಡಗುತಿಟ್ಟು ಅವರೇ, ಎಷ್ಟು ಚೆನ್ನಾಗಿ ಬರೆದಿದ್ದೀರಿ! ಆ ಮೂರನೆಯ ದೃಶ್ಯ ಓದಿ ಸ್ವಲ್ಪ ಹೊತ್ತು ಮುಂದೆ ಹೋಗಲಾಗಲಿಲ್ಲ. ಆದರೆ ನೀವು ಬರೆದದ್ದರಿಂದ ನನ್ನ ವಾದವೇ ಗಟ್ಟಿಯಾಯಿತು. ಇಂಥದ್ದನ್ನು ಜನ ನೋಡಬೇಕೋ ಬೇಡವೋ?

ಗಾರೆಕೆಲಸ ಸರ್, ಎಬ್ಬಿಸಿದರೆ ಎಲ್ಲವೂ ನಷ್ಟ ಎಂದಿರಿ. ಫಿಶ್‌ಬೋರ್ನ್‌ನಲ್ಲಿ ಮನ್ಮಥನ ನೆಲಚಿತ್ರವನ್ನು ದುರಸ್ತಿಗೆಂದು ಎಬ್ಬಿಸಿದಾಗ ಅದರ ಅಡಿಯಲ್ಲಿ ಅದಕ್ಕೂ ಹಳೆಯದಾದ ಕಪ್ಪು ಬಿಳುಪಿನ ಇನ್ನೊಂದು ನೆಲಚಿತ್ರ ಸಿಕ್ಕಿತು. ಎಬ್ಬಿಸದೇ ಇದ್ದಿದ್ದರೆ ಅದು ಯಾರಿಗೂ ತಿಳಿಯುತ್ತಿರಲಿಲ್ಲ.

ಗಾರೆಕೆಲಸ

ಅದು ಒಪ್ಪತಕ್ಕ ಮಾತು, ಮೇಡಂ. ಆದರೆ ಅಲ್ಲಿ ನೆಲ ಅದಾಗಲೇ ತೆರೆದಿತ್ತು, ಹದಗೆಡುತ್ತಿತ್ತು, ಎಬ್ಬಿಸದೆ ವಿಧಿಯಿರಲಿಲ್ಲ. ಕೆಟನ್ನಿನಲ್ಲಿ ಆ ಒತ್ತಡ ಇಲ್ಲ. ನೆಲದಡಿ ಇದ್ದರೆ ಐವತ್ತು ವರ್ಷದ ನಂತರ ಈಗಿಲ್ಲದ ಉಪಕರಣ ಹಿಡಿದು ಬರುವವರಿಗೂ ಕೆಲಸ ಉಳಿದಿರುತ್ತದೆ. ಅಗೆತ ಎಂದರೆ ಪುಟ ಓದಿದ ಕೂಡಲೇ ಹರಿದು ಹಾಕಿದ ಹಾಗೆ, ಅದೇ ಪದರವನ್ನು ಎರಡನೆಯ ಸಲ ಅಗೆಯಲು ಬರುವುದಿಲ್ಲ.

ದುರ್ಗದ ಮೇಷ್ಟ್ರು

ಚಿತ್ರದುರ್ಗದಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಪದರದ ಮಾತು ಬಂದದ್ದರಿಂದ ಎರಡು ವಿಷಯ.

ಎಲ್ಲರೂ ಚಿತ್ರದ ಸೊಬಗಿನ ಬಗ್ಗೆಯೇ ಬರೆಯುತ್ತಿದ್ದೀರಿ. ನನಗೆ ಅದಕ್ಕಿಂತ ಕುತೂಹಲ ಚಿತ್ರದ ಮೇಲಿನ ಮಣ್ಣಿನದು. ಕೆಟನ್ನಿನ ನೆಲಚಿತ್ರದ ಮೇಲೆ ಬೆಂಕಿಯ ಕಲೆಗಳಿವೆ, ಅಲ್ಲಲ್ಲಿ ಒಡೆದಿದೆ. ಹಜಾರದ ವೈಭವ ಮುಗಿದ ಮೇಲೆ ಯಾರೋ ಅದೇ ಜಾಗವನ್ನು ಬೇರೆ ಕೆಲಸಕ್ಕೆ ಬಳಸಿದ್ದಾರೆ ಎಂಬುದಕ್ಕೆ ಇದು ಸಾಕ್ಷಿ. ಅದರ ಮೇಲೆ ಬಿದ್ದ ಕಲ್ಲುಮಣ್ಣಿನ ರಾಶಿಯಲ್ಲಿ ಮನುಷ್ಯರ ಅಸ್ಥಿಗಳೂ ಸಿಕ್ಕಿವೆ. ಮನೆ ಪಾಳುಬಿದ್ದ ಮೇಲೆ ಅಲ್ಲಿ ಹೂಳಿದ್ದು. ಆ ಜನರಿಗೆ ಕೆಳಗೆ ಅಖಿಲೀಸನ ಚಿತ್ರವಿದೆ ಎಂಬ ಅರಿವಾದರೂ ಇತ್ತೋ ಇಲ್ಲವೋ. ಬ್ರಿಟನ್ನಿನಲ್ಲಿ ರೋಮನ್ ಆಳ್ವಿಕೆ ಕುಸಿದದ್ದು ಕ್ರಿ.ಶ. 410ರ ಸುಮಾರಿಗೆ ಎನ್ನುತ್ತಾರೆ. ಅದರ ಮುಂದಿನ ನೂರಿನ್ನೂರು ವರ್ಷದ ಬಗ್ಗೆ ಬರಹದ ದಾಖಲೆ ತೀರಾ ಕಡಿಮೆ. ಅದನ್ನು ತುಂಬಿಕೊಡುವುದು ಇಂಥ ಪದರಗಳೇ.

ಇದಕ್ಕೆ ಇನ್ನೊಂದು ಉದಾಹರಣೆ ಗ್ಲಾಸ್ಟರ್‌ಶೈರಿನ ಚೆಡ್‌ವರ್ತ್. ಆ ವಿಲ್ಲಾ ಪತ್ತೆಯಾದದ್ದು 1864ರಲ್ಲಿ. ನೂರೈವತ್ತು ವರ್ಷ ಎಲ್ಲರೂ ನೋಡಿ ಮುಗಿಸಿದ ಜಾಗವೆಂದೇ ಭಾವಿಸಿದ್ದರು. ಅಲ್ಲಿನ ಒಂದು ಕೋಣೆಯ ಗೋಡೆಯ ಬುಡಕ್ಕೆ ತೋಡಿದ ಕಾಲುವೆಯೊಳಗೆ ಸಿಕ್ಕ ಇದ್ದಿಲು ಮತ್ತು ಮೂಳೆಗಳ ಇಂಗಾಲದ ಕಾಲನಿರ್ಣಯ ಮಾಡಿದರೆ, ಆ ಗೋಡೆ ಎದ್ದದ್ದು ಕ್ರಿ.ಶ. 424ರ ನಂತರ ಎಂದು ಬಂತು. ಅಂದರೆ ಆ ಕೋಣೆಯ ನೆಲಚಿತ್ರ ಐದನೆಯ ಶತಮಾನದ್ದು. ರೋಮನ್ ಸೈನ್ಯ, ನಾಣ್ಯ, ಆಡಳಿತ ಎಲ್ಲ ಹೋದ ಮೇಲೂ ಯಾರೋ ದುಡ್ಡು ಕೊಟ್ಟು ಕುಶಲಕರ್ಮಿಯಿಂದ ಹೊಸ ನೆಲ ಹಾಸಿಸಿದ್ದಾರೆ. ಆ ಜಾಗವನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ಇದನ್ನು 2020ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಚಿಟಿಕೆ ಇದ್ದಿಲಿನಿಂದ ಪಠ್ಯಪುಸ್ತಕದ ಸಾಲು ಬದಲಾಯಿತು. ಹತ್ತೊಂಬತ್ತನೆಯ ಶತಮಾನದವರು ಅಂದವಾದ ನೆಲ ಕಾಣುವವರೆಗೆ ಮೇಲಿನ ಮಣ್ಣನ್ನೆಲ್ಲ ಕಸದಂತೆ ಎತ್ತಿ ಎಸೆದರು. ಎಷ್ಟು ಕಳೆದುಕೊಂಡೆವೋ.

ಎರಡನೆಯ ವಿಷಯ ನಮ್ಮೂರಿನದು. ಇಲ್ಲಿಯ ಚಂದ್ರವಳ್ಳಿಯಲ್ಲಿ ಎಂ.ಎಚ್. ಕೃಷ್ಣ ಅವರು ಮೈಸೂರು ಪುರಾತತ್ವ ಇಲಾಖೆಯ ಪರವಾಗಿ ಅಗೆತ ನಡೆಸಿದ್ದರು. ನಂತರ 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಂದ್ರವಳ್ಳಿ ಮತ್ತು ನಮ್ಮ ಜಿಲ್ಲೆಯದೇ ಆದ ಬ್ರಹ್ಮಗಿರಿಯಲ್ಲಿ ಅಗೆದರು. ಅದೇ ವೀಲರ್ 1930ರ ದಶಕದಲ್ಲಿ ಪತ್ನಿ ಟೆಸ್ಸಾ ಜೊತೆ ಇಂಗ್ಲೆಂಡಿನ ವೆರುಲೇಮಿಯಂ ಎಂಬ ರೋಮನ್ ಪಟ್ಟಣದಲ್ಲಿ ಕೆಲಸ ಮಾಡಿದವರು. ಗುಂಡಿಗಳನ್ನು ಚೌಕಚೌಕವಾಗಿ ತೆಗೆದು ನಡುವೆ ಮಣ್ಣಿನ ಗೋಡೆ ಬಿಟ್ಟು, ಆ ಗೋಡೆಯಲ್ಲಿ ಪದರಗಳನ್ನು ಓದುವ ಅವರ ಪದ್ಧತಿ ಇಲ್ಲಿಗೂ ಬಂತು.

ಇನ್ನೂ ಮುಖ್ಯವಾದದ್ದು ಕಾಲನಿರ್ಣಯ. ಪುದುಚೇರಿ ಹತ್ತಿರದ ಅರಿಕಮೇಡುವಿನಲ್ಲಿ 1945ರಲ್ಲಿ ವೀಲರ್‌ಗೆ ಇಟಲಿಯಿಂದ ಬಂದ ಕೆಂಪು ಪಾತ್ರೆಗಳು ಸಿಕ್ಕಿದ್ದವು. ಅವುಗಳ ಕಾಲ ಯುರೋಪಿನಲ್ಲಿ ಮೊದಲೇ ಖಚಿತವಾಗಿತ್ತು. ಅದೇ ಪದರಗಳಲ್ಲಿ ರೌಲೆಟೆಡ್ ಎಂಬ ಸೂಕ್ಷ್ಮ ಗೀರುಗಳ ಪಾತ್ರೆಯೂ ಇತ್ತು. ಆ ಪಾತ್ರೆ ಚಂದ್ರವಳ್ಳಿಯಲ್ಲಿಯೂ ಸಿಕ್ಕಿತು. ಇಲ್ಲಿ ಶಾತವಾಹನರ ಕಾಲದ ವಸ್ತುಗಳ ಜೊತೆ ಅಗಸ್ಟಸ್, ಟೈಬೀರಿಯಸ್ ಕಾಲದ ರೋಮನ್ ಬೆಳ್ಳಿ ನಾಣ್ಯಗಳೂ ದೊರೆತಿವೆ. ಈ ಕೊಂಡಿ ಹಿಡಿದು ಬ್ರಹ್ಮಗಿರಿಯ ಮೇಲಿನ ಪದರಕ್ಕೆ ಕಾಲ ನಿಗದಿಯಾಯಿತು, ಅದರಿಂದ ಕೆಳಗಿನ ಬೃಹತ್ ಶಿಲಾಗೋರಿಗಳ ಪದರಕ್ಕೂ ಒಂದು ಅಂದಾಜು ಸಿಕ್ಕಿತು. ರೌಲೆಟೆಡ್ ಪಾತ್ರೆಯನ್ನು ಭಾರತದಲ್ಲೇ ಮಾಡುತ್ತಿದ್ದರು ಎಂದು ನಂತರದ ಸಂಶೋಧನೆ ತೋರಿಸಿದೆ, ಅದು ಬೇರೆ ಮಾತು. ರೋಮನ್ ಮನೆಯ ಊಟದ ತಟ್ಟೆಯಿಂದ ನಮ್ಮ ಜಿಲ್ಲೆಯ ಇತಿಹಾಸಕ್ಕೆ ಕಾಲದ ಗೂಟ ಸಿಕ್ಕಿತೆಂದು ಮಕ್ಕಳಿಗೆ ಹೇಳುವಾಗ ಈಗಲೂ ಮೈ ಜುಮ್ಮೆನ್ನುತ್ತದೆ.

ಹೊಲದ ಬದು

ಮೇಷ್ಟ್ರೇ, ಮುಂದಿನ ಸಲ ದುರ್ಗಕ್ಕೆ ಬಂದಾಗ ಚಂದ್ರವಳ್ಳಿ ನೋಡದೆ ಹೋಗುವುದಿಲ್ಲ. ಒಂದು ವಿಷಯ ಇನ್ನೂ ಯಾರೂ ಹೇಳಲಿಲ್ಲ. ಅಷ್ಟು ದೊಡ್ಡ ಮನೆಯನ್ನು ಸಾಕಿದ್ದು ಹೊಲ. ಆ ಹೊಲದಲ್ಲಿ ದುಡಿದವರು ಎಲ್ಲಿದ್ದರು?

ಮಿಡ್‌ಲ್ಯಾಂಡ್ಸ್ ಕನ್ನಡಿಗ

ಒಳ್ಳೆಯ ಪ್ರಶ್ನೆ. 2022ರಲ್ಲಿ ನಡೆದ ಅಗೆತದಲ್ಲಿ ಇದರ ಸುಳಿವು ಸಿಕ್ಕಿತು. ಮುಖ್ಯ ಮನೆಯಿಂದ ಬೇರೆಯಾಗಿ ನಿಂತಿದ್ದ ಒಂದು ದೊಡ್ಡ ಕಣಜವನ್ನು ತೆರೆದರು. ಮೊದಲು ಅದು ಮರದ ಕಟ್ಟಡ. ಮೂರನೇ ಅಥವಾ ನಾಲ್ಕನೇ ಶತಮಾನದಲ್ಲಿ ಅದನ್ನು ಕಲ್ಲಿನಲ್ಲಿ ಮತ್ತೆ ಕಟ್ಟಿದ್ದಾರೆ. ಒಂದು ತುದಿಯಲ್ಲಿ ಒಕ್ಕಲುತನ ಅಥವಾ ಕಸುಬಿನ ಕೆಲಸ ಮುಂದುವರಿದಿದೆ. ಇನ್ನೊಂದು ತುದಿ ವಾಸದ ಮನೆಯಾಗಿದೆ. ಅಡಿಪಾಯದ ಆಳ ನೋಡಿದರೆ ಮೇಲೆ ಮಹಡಿಯೂ ಇದ್ದಿರಬಹುದು. ಅಲ್ಲಿಯೇ ಬಿಸಿ ಆವಿಯ ಕೋಣೆ, ಬೆಚ್ಚಗಿನ ಕೋಣೆ, ತಣ್ಣೀರಿನ ತೊಟ್ಟಿ ಇರುವ ಸ್ನಾನಗೃಹ. ನೆಲದಡಿಯಿಂದ ಮಾತ್ರವಲ್ಲದೆ ಗೋಡೆಯೊಳಗಿನಿಂದಲೂ ಬಿಸಿ ಗಾಳಿ ಹಾಯುವ ವ್ಯವಸ್ಥೆ. ಹೊರಗಡೆ ಚಾವಣಿಯ ಮಳೆನೀರು ಹಿಡಿಯುವ ತೊಟ್ಟಿ ಇತ್ತು.

ಅಲ್ಲಿ ಇದ್ದವರು ಕೂಲಿಗಳೇ, ಮೇಲ್ವಿಚಾರಕರೇ, ಯಜಮಾನನ ಬಂಧುಗಳೇ ಎಂದು ಕಟ್ಟಡದಿಂದ ಹೇಳಲಾಗುವುದಿಲ್ಲ. ಆದರೆ ಆ ಸ್ನಾನಗೃಹದ ಒಲೆಗೆ ಸೌದೆ ಒಟ್ಟಿದವರು ಯಾರೋ ಇದ್ದೇ ಇದ್ದರು, ಅವರ ಹೆಸರು ಯಾವ ಕಲ್ಲಿನಲ್ಲೂ ಇಲ್ಲ. ಅದೇ ಸುತ್ತಿನಲ್ಲಿ ಮುಖ್ಯ ಮನೆಯಲ್ಲಿ ಊಟದ ಹಜಾರಕ್ಕೆ ಹೋಗುವ ಓಣಿಯ ನೆಲಚಿತ್ರಗಳು, ನುಣುಪು ಮಾಡಿದ ಅಮೃತಶಿಲೆಯ ಚೂರುಗಳು, ಮುರಿದ ಕಂಬಗಳು, ಬಣ್ಣ ಬಳಿದ ಗೋಡೆಯ ಗಾರೆ ಸಿಕ್ಕಿವೆ. ಊಟದ ಹಜಾರವೇ ಮೂಲ ಮನೆಗೆ ಆಮೇಲೆ ಸೇರಿಸಿದ್ದು ಎಂದು ತಿಳಿದುಬಂದಿದೆ. ಸಂಪತ್ತು ಬೆಳೆದಂತೆ ಮನೆ ಬೆಳೆದಿದೆ.

ಧಾರವಾಡದ ಓದುಗಿ

ಎಲ್ಲರ ಮಾತು ಓದಿದ ಮೇಲೂ ನಾನು ಪೂರ್ತಿ ಒಪ್ಪಿಲ್ಲ. ಒಂದು ನಡುವಿನ ದಾರಿ ಇದೆ, ಅದನ್ನು ಇಲ್ಲಿ ಇಡುತ್ತೇನೆ. ಗ್ಲಾಸ್ಟರ್‌ಶೈರಿನ ವುಡ್‌ಚೆಸ್ಟರ್ ಎಂಬಲ್ಲಿ ಚರ್ಚಿನ ಅಂಗಳದ ಕೆಳಗೆ ಗ್ರೀಕ್ ಪುರಾಣದ ಗಾಯಕ ಆರ್ಫಿಯಸ್ ಮತ್ತು ಪ್ರಾಣಿಗಳ ಭಾರೀ ನೆಲಚಿತ್ರವಿದೆ. 1790ರ ದಶಕದಲ್ಲಿ ಸ್ಯಾಮ್ಯುಯೆಲ್ ಲೈಸನ್ಸ್ ಅದನ್ನು ತೆರೆದು ಚಿತ್ರ ಬರೆದು ದಾಖಲಿಸಿದರು. ಅದನ್ನೂ ಮುಚ್ಚಿಯೇ ಇಟ್ಟಿದ್ದಾರೆ, ಆದರೆ ಕೆಲವು ವರ್ಷಕ್ಕೊಮ್ಮೆ ತೆರೆದು ಊರಿಗೆಲ್ಲ ತೋರಿಸುತ್ತಿದ್ದರು. ಕೊನೆಯ ಸಲ 1973ರಲ್ಲಿ ತೆರೆದಾಗ ಲಕ್ಷಕ್ಕೂ ಹೆಚ್ಚು ಜನ ಬಂದರು. ಕೆಟನ್ನಿನಲ್ಲಿಯೂ ಹಾಗೆ ಮಾಡಲಿ. ತಲೆಮಾರಿಗೆ ಒಂದು ಸಲವಾದರೂ ನಮ್ಮಂಥವರು ನೋಡಲಿ.

ಗಾರೆಕೆಲಸ

ಮೇಡಂ, ವುಡ್‌ಚೆಸ್ಟರ್ ಅನ್ನು 1973ರ ನಂತರ ತೆರೆದೇ ಇಲ್ಲ ಎಂಬುದನ್ನೂ ಸೇರಿಸಬೇಕು. ಆ ಜನಸಂದಣಿ, ವಾಹನಗಳನ್ನು ಸಣ್ಣ ಹಳ್ಳಿ ತಾಳಲಿಲ್ಲ. ಪ್ರತಿ ಸಲ ತೆರೆದು ಮುಚ್ಚುವುದು ಗಾರೆಗೆ ಹೊಸ ಪೆಟ್ಟು. ಅದರ ಬದಲು ಅಣ್ಣತಮ್ಮಂದಿರಿಬ್ಬರು ಸೇರಿ ಲಕ್ಷಾಂತರ ಚೂರುಗಳಿಂದ ಪೂರ್ಣ ಗಾತ್ರದ ಪ್ರತಿರೂಪ ಮಾಡಿ ಜನರಿಗೆ ತೋರಿಸಿದರು. ಕೆಟನ್ನಿನ ನೆಲದ ಅಳತೆ, ಛಾಯಾಚಿತ್ರ ಎಲ್ಲ ಈಗ ಕೈಯಲ್ಲಿದೆ. ಅದೇ ಗಾತ್ರದ ಪ್ರತಿರೂಪವನ್ನು ರಟ್ಲೆಂಡ್‌ನಲ್ಲಿಯೇ ನೆಲದ ಮೇಲೆ ಹಾಸಿ, ಸುತ್ತ ಗೋಡೆ ಎಬ್ಬಿಸಿ ಊಟದ ಹಜಾರವಾಗಿ ತೋರಿಸಿದರೆ ನಾನು ಮೊದಲ ಟಿಕೆಟ್ ಕೊಳ್ಳುತ್ತೇನೆ.

ಧಾರವಾಡದ ಓದುಗಿ

ಪ್ರತಿರೂಪ ಬೇರೆ, ಯಾರದೋ ಕಾಲು ಸವೆಸಿದ ಕಲ್ಲು ಬೇರೆ. ಈ ವಿಷಯದಲ್ಲಿ ನಾವಿಬ್ಬರೂ ಒಮ್ಮತಕ್ಕೆ ಬರುವುದು ಕಷ್ಟ, ಸರ್. ಆದರೆ ಪ್ರತಿರೂಪ ಆದರೂ ಆಗಲಿ, ಏನೂ ಇಲ್ಲದಿರುವುದಕ್ಕಿಂತ ಮೇಲು. ಮಿಡ್‌ಲ್ಯಾಂಡ್ಸ್ ಅವರೇ, ನಮ್ಮ ಮಗಳು ಮುಂದಿನ ವರ್ಷ ಅಲ್ಲಿಗೆ ಓದಲು ಬರುತ್ತಿದ್ದಾಳೆ. ಸದ್ಯಕ್ಕೆ ಏನು ನೋಡಬಹುದು?

ಮಿಡ್‌ಲ್ಯಾಂಡ್ಸ್ ಕನ್ನಡಿಗ

ಖಂಡಿತ ಬರಲಿ. ಲೆಸ್ಟರಿನ ಜ್ಯೂರಿ ವಾಲ್ ವಸ್ತುಸಂಗ್ರಹಾಲಯದಲ್ಲಿ ಊರಿನೊಳಗೇ ಸಿಕ್ಕ ರೋಮನ್ ನೆಲಚಿತ್ರಗಳಿವೆ, ಹೊರಗೆ ರೋಮನ್ ಸ್ನಾನಗೃಹದ ಎತ್ತರದ ಗೋಡೆ ನಿಂತಿದೆ. ಚೆಡ್‌ವರ್ತ್ ಮತ್ತು ಫಿಶ್‌ಬೋರ್ನ್ ಎರಡೂ ಸಾರ್ವಜನಿಕರಿಗೆ ತೆರೆದಿವೆ. ಕೆಂಟ್‌ನ ಲಲ್ಲಿಂಗ್‌ಸ್ಟೋನ್ ಕೂಡ ನೋಡಬೇಕಾದದ್ದು, ಅಲ್ಲಿ ಒಂದೇ ಮನೆಯಲ್ಲಿ ಹಳೆಯ ದೇವತೆಗಳ ನೆಲಚಿತ್ರವೂ ಕ್ರೈಸ್ತ ಪ್ರಾರ್ಥನಾ ಕೋಣೆಯ ಗೋಡೆಚಿತ್ರವೂ ಇದ್ದವು. ಕೆಟನ್ನಿನ ಹೊಲಕ್ಕೆ ಮಾತ್ರ ಹೋಗುವುದು ಬೇಡ, ಅದು ಒಬ್ಬರ ಮನೆಯ ಜಮೀನು.

ಹೊಲದ ಬದು

ಕೊನೆಯದಾಗಿ ಒಂದು. ನಮ್ಮ ಊರ ಹಾಳುಗೇರಿ ಕಡೆ ಉಳುವಾಗ ಕಪ್ಪು ಕೆಂಪು ಬಣ್ಣದ ಮಡಕೆ ಚೂರು, ಬೂದಿ ಮಣ್ಣು ಏಳುತ್ತದೆ. ಚಿಕ್ಕಂದಿನಿಂದ ನೋಡಿದ್ದೇನೆ, ಯಾರಿಗೂ ಹೇಳಿಲ್ಲ. ಹೇಳಬೇಕೇ? ಯಾರಿಗೆ?

ದುರ್ಗದ ಮೇಷ್ಟ್ರು

ಹೇಳಲೇಬೇಕು. ನೀವು ಬರೆದದ್ದು ಓದಿದರೆ ಹಳೆಯ ವಸತಿ ನೆಲೆ ಇದ್ದಂತೆ ತೋರುತ್ತದೆ. ಕಪ್ಪು ಕೆಂಪು ಮಡಕೆ ಶಿಲಾಗೋರಿಗಳ ಕಾಲದಿಂದ ಶಾತವಾಹನರ ಕಾಲದವರೆಗೂ ಸಿಗುತ್ತದೆ. ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಮುಖ್ಯ ಕಚೇರಿ ಮೈಸೂರಿನಲ್ಲಿದೆ, ಅಲ್ಲಿಗೆ ಒಂದು ಪತ್ರ ಬರೆಯಿರಿ. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಧಾರವಾಡ ಕಚೇರಿ ನಿಮಗೆ ಹತ್ತಿರ. ನಾಣ್ಯ, ಚಿನ್ನ, ಬೆಲೆಬಾಳುವಂಥದ್ದು ಏನಾದರೂ ಸಿಕ್ಕರೆ 1962ರ ಕರ್ನಾಟಕ ನಿಧಿ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು.

ಅಲ್ಲಿಯವರೆಗೆ ಅಗೆಯಬೇಡಿ, ಚೂರುಗಳನ್ನು ಆರಿಸಿ ಒಂದೇ ಚೀಲಕ್ಕೆ ತುಂಬಬೇಡಿ. ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ, ಪಕ್ಕದಲ್ಲಿ ಅಳತೆಗೆ ಒಂದು ಪೆನ್ನು ಇಡಿ, ಹೊಲದ ಸರ್ವೆ ನಂಬರ್ ಮತ್ತು ಯಾವ ಬದಿಯಿಂದ ಎಷ್ಟು ಹೆಜ್ಜೆ ಎಂದು ಬರೆದಿಡಿ. ಬೇಸಿಗೆ ರಜೆಯಲ್ಲಿ ನಾನೂ ಬರುತ್ತೇನೆ. ಪತ್ರವನ್ನು ಇಬ್ಬರೂ ಕೂತು ಬರೆಯೋಣ.